ಮೇಡಂ, ನೀವು ಯಾವ ಕಡೆ?

ಹೋದ ವಾರ ಕಾರವಾರದಲ್ಲಿ ಕೋರ್ಟ್ ಹೊರಗೆ ಚಾ ಕುಡೀತಾ ನಿಂತಿದ್ದೆ, ಹೊಸದಾಗಿ ವಕೀಲಿ ಸನ್ನದು ತಗೊಂಡ ಹುಡುಗ ಒಬ್ಬ ಬಂದು ಕೇಳ್ದ, ಮೇಡಂ ನೀವು ಮೊದ್ಲು ಜನರ ಪರವಾಗಿ ಕೇಸ್ ಹಾಕ್ತಿದ್ರಂತೆ, ಈಗ ಯಾಕೆ ಸರ್ಕಾರದ ಕಡೆ ಹೋದ್ರಿ ಅಂತ. ಪಾರ್ಟಿ ಬಿಟ್ಟು ಪಾರ್ಟಿ ಸೇರಿದ ಶಾಸಕಿಗೆ ಕೇಳೋ ಥರ ಇತ್ತು ಪ್ರಶ್ನೆ. ಅಷ್ಟೊತ್ತಿಗೆ ಒಳಗೆ ನನ್ನ ಕೇಸ್ ಕೂಗಿದ್ರು, ಅರ್ಧ ಚಾ ಅಲ್ಲೇ ಬಿಟ್ಟು ಓಡ್ದೆ. ಉತ್ತರ ಇಲ್ಲಿ ಬರೀತಿದೀನಿ, ಅವನು ಓದ್ತಾನೋ ಇಲ್ವೋ.

2001ರಲ್ಲಿ ನಾನು ಶುರು ಮಾಡಿದ್ದು ಶಿರಸಿಯಲ್ಲಿ. ತೋಟದ ಕೇಸುಗಳೇ ಜಾಸ್ತಿ, ಅಣ್ಣ ತಮ್ಮಂದಿರ ಹಿಸ್ಸೆ, ನೀರಿನ ದಾರಿ, ಆಮೇಲೆ ಬೆಟ್ಟ. ಬೆಟ್ಟ ಅಂದ್ರೆ ಹೊರಗಿನವ್ರಿಗೆ ಗುಡ್ಡ, ನಮ್ಮಲ್ಲಿ ಅಡಿಕೆ ತೋಟದ ಜೊತೆ ಬರೋ ಸೊಪ್ಪಿನ ಜಾಗ. 1 ಎಕರೆ ತೋಟಕ್ಕೆ 9 ಎಕರೆವರೆಗೆ ಅಂತ ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ತಲೆಮಾರುಗಟ್ಲೆ ಸೊಪ್ಪು, ದರಕು (ಒಣಗಿದ ಎಲೆ) ತಂದವ್ರಿಗೆ ಅದು ನಮ್ದೇ ಅನ್ನಿಸೋದು ಸಹಜ, ಆದ್ರೆ ಜಮೀನು ಸರ್ಕಾರದ್ದು, ಇವ್ರಿಗಿರೋದು ಸವಲತ್ತು ಅಷ್ಟೇ. ಇದನ್ನ ಕಕ್ಷಿದಾರರಿಗೆ ಹೇಳೋದು ಕೋರ್ಟಲ್ಲಿ ವಾದ ಮಾಡೋದಕ್ಕಿಂತ ಕಷ್ಟ ಮಾರಾಯ್ರೆ.

ನನ್ನ ಸೀನಿಯರ್ ಪಹಣಿನ ಮೊದ್ಲು ನೋಡ್ತಾನೇ ಇರ್ಲಿಲ್ಲ. ಹಿಂದಿನ ಮ್ಯುಟೇಶನ್ (ಹೆಸರು ಬದಲಾದ ದಾಖಲೆ) ತಾ, ನಕಾಶೆ ತಾ, ಆಕಾರಬಂದ್ (ಸರ್ವೆಯ ವಿಸ್ತೀರ್ಣ, ಕಂದಾಯದ ದಾಖಲೆ) ತಾ ಅಂತಿದ್ರು. ಪಹಣಿಲಿ ಹೆಸರಿದ್ರೆ ಅದು ಸರಿ ಅಂತ ಕಾನೂನು ಒಪ್ಪುತ್ತೆ, ಆದ್ರೆ ತಪ್ಪು ಅಂತ ಯಾರಾದ್ರೂ ತೋರ್ಸೋವರೆಗೆ ಮಾತ್ರ. ನಮ್ಮ ಜಿಲ್ಲೆಲಂತೂ 1956ರ ಮುಂಚಿನದ್ದೆಲ್ಲ ಮುಂಬೈ ಸರ್ಕಾರದ ಕಾಗದ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ ಆಮೇಲೆ ಭೂ ಟ್ರಿಬ್ಯುನಲ್‌ನಿಂದ ಗೇಣಿದಾರರ ಹೆಸ್ರಿಗೆ ಬಂದಿದ್ದು, ಈ ಎರಡು ತಿರುವಲ್ಲಿ ಎಲ್ಲೋ ಒಂದ್ಕಡೆ ಕೇಸಿನ ಬೇರು ಇರುತ್ತೆ. ಅಪೀಲ್ ಅಂದ್ರೆ ಆಗ ರಾತ್ರಿ ಬಸ್ಸಲ್ಲಿ ಬೆಂಗ್ಳೂರು. 2008ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಂದ್ಮೇಲೆ ಬೆನ್ನು ಉಳೀತು.

ಮದ್ವೆ ಆಗಿ ಘಟ್ಟ ಇಳಿದು ಕಾರವಾರಕ್ಕೆ ಬಂದೆ. ಇಲ್ಲಿನ ಕಥೆನೇ ಬೇರೆ. ಸೀಬರ್ಡ್ ನೌಕಾನೆಲೆ, ಕೊಂಕಣ ರೈಲ್ವೆ, ಆಮೇಲೆ ಹೆದ್ದಾರಿ 66ರ ಅಗಲೀಕರಣ, ಕಾರವಾರ ಅಂಕೋಲಾ ಕಡೆ ಹಳೇ ಮನೆ ಕಪಾಟು ತೆಗೆದ್ರೆ ಭೂಸ್ವಾಧೀನದ ನೋಟಿಸ್ ಒಂದು ಸಿಗುತ್ತೆ. ಪರಿಹಾರದ ಕೇಸು ಒಂದಿಷ್ಟು ವರ್ಷ ಮಾಡ್ದೆ. ಆಮೇಲೆ ಕರಾವಳಿಯ ಒಂದು ಪುರಸಭೆಯವ್ರು ತಮ್ಮ ವಕೀಲರ ಪ್ಯಾನೆಲ್‌ಗೆ ತಗೊಂಡ್ರು, ಹಿಂದೆನೇ ಬೇರೆ ಇಲಾಖೆ ಫೈಲೂ ಬಂತು. ಫೀ ಕಮ್ಮಿ, ಅದೂ ಯಾವಾಗ ಬರುತ್ತೆ ಅಂತ ಕೇಳ್ಬೇಡಿ.

ಸರ್ಕಾರಿ ಕೇಸಲ್ಲಿ ಸೋಲು ಕೋರ್ಟ್ ಹಾಲಿಗೆ ಬರೋ ಮುಂಚೆನೇ ಆಗಿರುತ್ತೆ. ಸರ್ಕಾರದ ಮೇಲೆ ದಾವೆ ಹಾಕೋಕೆ 2 ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು ಅಂತ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಮು ಇರೋದೇ ಕಚೇರಿಯವ್ರು ಕೂತು ಯೋಚ್ನೆ ಮಾಡ್ಲಿ ಅಂತ, ಆ ನೋಟಿಸ್ ಮಾತ್ರ ಟಪಾಲು ರಿಜಿಸ್ಟರಲ್ಲಿ ನಂಬರ್ ಹಾಕಿಸ್ಕೊಂಡು ಟೇಬಲ್ ಮೇಲೆ ಮಲಗುತ್ತೆ. ಸಮನ್ಸ್ ಬಂದ್ಮೇಲೆ ಕೈಫಿಯತ್ತು, ಅಂದ್ರೆ ದಾವೆಗೆ ಲಿಖಿತ ಉತ್ತರ, ಕೊಡೋಕೆ 30 ದಿನ, ಕೋರ್ಟು ಒಪ್ಪಿದ್ರೆ 90. ನಂಗೆ ಪ್ಯಾರಾವೈಸ್ ಉತ್ತರ, ಅಂದ್ರೆ ದಾವೆಯ ಒಂದೊಂದು ಪ್ಯಾರಾಕ್ಕೂ ಕಚೇರಿಯ ಉತ್ತರ ಬೇಕು ಅಂತ ಫೋನ್ ಮಾಡಿದ್ರೆ ಕ್ಲಾರ್ಕ್ ಟ್ರಾನ್ಸ್‌ಫರ್ ಆಗಿರ್ತಾನೆ. ಅಪೀಲು ತಡ ಆದ್ರೆ ಸರ್ಕಾರಕ್ಕೆ ಅಂತ ಬೇರೆ ವಿನಾಯಿತಿ ಇಲ್ಲ, ಫೈಲ್ ಓಡಾಡ್ತಿತ್ತು ಅನ್ನೋದು ಕಾರಣ ಅಲ್ಲ ಅಂತ ಸುಪ್ರೀಂ ಕೋರ್ಟು 2012ರಲ್ಲೇ ಅಂಚೆ ಇಲಾಖೆಯ ಒಂದು ಅಪೀಲಲ್ಲಿ ಹೇಳಿದೆ. ನಾನು ಆ ತೀರ್ಪಿನ ಪ್ರತಿ ಬ್ಯಾಗಲ್ಲೇ ಇಟ್ಕೊಂಡಿರ್ತೀನಿ, ಕೋರ್ಟಿಗಲ್ಲ, ಆಫೀಸರಿಗೆ ತೋರ್ಸೋಕೆ.

ಈಗ ಗಟಾರದ ಕೇಸು. ಒಬ್ಬ ಅಜ್ಜಿ ಹಾಕಿದ್ದು, ನಮ್ಮ ಹಿತ್ಲೊಳಗೆ ಪುರಸಭೆ ಗಟಾರ ತೆಗೆದಿದೆ, ಮುಚ್ಸಿ ಅಂತ. ನಮ್ಮ ಕಡೆ ಹೇಳಿಕೆ, ಆ ಪಟ್ಟಿ ಬ ಖರಾಬು, ಅಂದ್ರೆ ಸಾರ್ವಜನಿಕ ಜಾಗ. ಫೈಲ್‌ಲಿ ಎಂಜಿನಿಯರ್ ಬರೆದ ಒಂದು ಹಾಳೆ ಬಿಟ್ರೆ ಬೇರೆ ಏನಿಲ್ಲ. ಮಳೆ ನಿಂತ ಮೇಲೆ ನಾನೇ ಸರ್ವೆಯರ್‌ನ ಹಿಡ್ಕೊಂಡು ಜಾಗಕ್ಕೆ ಹೋದೆ. ಅಜ್ಜಿ ಬಾಗಿಲಲ್ಲೇ ಕೂತಿದ್ರು, "ತಂಗಿ, ನೀನು ಯಾರ ಕಡೆ?" ಅಂದ್ರು. ಪುರಸಭೆ ಕಡೆ ಅಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಒಳಗೆ ಹೋಗಿ ಕೋಕಂ ಶರಬತ್ತು ತಂದ್ರು. ಎದುರು ಪಾರ್ಟಿ ಮನೇಲಿ ಕುಡೀಬಾರ್ದು ಅಂತ ಸೀನಿಯರ್ ಹೇಳಿದ್ದು ನೆನಪಿತ್ತು, ಸೆಕೆ ಹಂಗಿತ್ತು, ಕುಡ್ದೆ.

ಅಳತೆ ಆಯ್ತು. ಖರಾಬು ಇತ್ತು, ಆದ್ರೆ ರಸ್ತೆಯ ಆಚೆ ಬದಿಗೆ. ಗಟಾರ ಪೂರ್ತಿ ಅಜ್ಜಿ ಹಿಸ್ಸೆಯೊಳಗೆ. ಯಾರೋ ನಕಾಶೆ ತಿರುಗಿಸಿ ಹಿಡಿದಿದ್ರು ಅಷ್ಟೇ.

ಆಫೀಸಲ್ಲಿ ಹೇಳ್ದೆ, ಇದು ನಿಲ್ಲಲ್ಲ, ರಾಜಿ ಮಾಡ್ಕೊಳ್ಳಿ. "ಮೇಡಂ ನೀವು ನಮ್ಮ ವಕೀಲರೋ ಅವರ ವಕೀಲರೋ?" ಅಂದ್ರು. ರಾಜಿ ಅಂದ್ರೆ ಯಾರಾದ್ರೂ ಸಹಿ ಹಾಕ್ಬೇಕು, ಆಮೇಲೆ ಆಡಿಟ್‌ನವ್ರು ಕೇಳಿದ್ರೆ ಸಹಿ ಹಾಕಿದವ್ರ ಕುತ್ತಿಗೆಗೆ, ಸೋತ್ರೆ ಮಾತ್ರ ಕೋರ್ಟ್ ಆದೇಶ ಅಂತ ಎಲ್ರೂ ಬಚಾವ್. ಈ ಭಯ ನಂಗೂ ಅರ್ಥ ಆಗುತ್ತೆ. ಲಿಖಿತ ಅಭಿಪ್ರಾಯ ಬರೆದು ಅಳತೆ ನಕ್ಷೆ ಲಗತ್ತಿಸಿ ಸ್ವೀಕೃತಿ ಸಹಿ ತಗೊಂಡೆ, ಮತ್ತೆ ಕೇಳಿದಾಗ್ಲೆಲ್ಲ ಅದನ್ನೇ ತೋರ್ಸಿದೆ. ಎರಡು ವರ್ಷ ಹಿಡೀತು. ಕೊನೆಗೆ ಸಭೆಲಿ ಠರಾವು ಆಗಿ ಲೋಕ ಅದಾಲತ್‌ನಲ್ಲಿ ಮುಗೀತು, ಗಟಾರ ರಸ್ತೆ ಆಚೆಗೆ ಹೋಯ್ತು. ಅದೇ ಸಮಯದಲ್ಲಿ ಇನ್ನೊಂದು ಕೇಸಲ್ಲಿ ರಸ್ತೆ ಜಾಗದಲ್ಲಿ ಅಂಗಡಿ ಕಟ್ಕೊಂಡು 12 ವರ್ಷ ಆಯ್ತು ನಂದೇ ಅಂದವನನ್ನ, ಪುರಸಭೆ ರಸ್ತೆಗೆ 30 ವರ್ಷ ಆಗ್ಬೇಕು ಅಂತ ಓದಿ ಹೇಳಿ ಸೋಲ್ಸಿದ್ದೂ ನಾನೇ, ಅದರ ಬಗ್ಗೆ ಯಾರೂ ಕೇಳಲ್ಲ.

ಅಜ್ಜಿ ಕೆಲವು ತಿಂಗಳ ಹಿಂದೆ ನನ್ನ ಆಫೀಸಿಗೆ ಬಂದಿದ್ರು, ಮನೆ ತೆರಿಗೆ ವಿಷಯದಲ್ಲಿ ಮತ್ತೆ ಅದೇ ಪುರಸಭೆ ಮೇಲೆ ಕೇಸ್ ಹಾಕ್ಬೇಕು, ನೀನೇ ಹಾಕು ತಂಗಿ ಅಂತ. ನಂಗಾಗಲ್ಲ ಅಮ್ಮ ಅಂತ ಬೇರೆ ವಕೀಲರ ನಂಬರ್ ಕೊಟ್ಟೆ, ಚಾ ಕೊಟ್ಟು ಕಳ್ಸಿದೆ. ಈಗ ಆ ಕೇಸಿನ ಸಮನ್ಸ್ ನನ್ನ ಟೇಬಲ್ ಮೇಲಿದೆ. 22 ದಿನ ಆಯ್ತು, ಪ್ಯಾರಾವೈಸ್ ಉತ್ತರ ಇನ್ನೂ ಬಂದಿಲ್ಲ.