ಉಸಿರಿಗೆ ಬಾಯಿ ಬಿಡ್ತಾವೆ

"ಅವು ಹಸಿವಿಗೆ ಬಾಯಿ ಬಿಡ್ತಿಲ್ಲ ಕಣಯ್ಯಾ. ಉಸಿರಿಗೆ ಬಾಯಿ ಬಿಡ್ತಾವೆ."

ಮಂಗಳವಾರ ಬೆಳಗ್ಗೆ ಕೇಳಿದ ಮಾತು ಇದು. ಇವತ್ತು ಶುಕ್ರವಾರ, ಇನ್ನೂ ಕಿವಿಯಿಂದ ಹೋಗಿಲ್ಲ. ಹೇಳಿದ್ದು ಪಕ್ಕದ ತೋಟದ ಮಾವ. ಹೊಂಡಕ್ಕೆ ಮೀನು ಬಿಟ್ಟ ದಿನ "ತೋಟಕ್ಕೇ ನೀರು ಸಾಲಲ್ಲ, ಇದೊಂದು ಬೇರೆ" ಅಂದಿದ್ದರು. ಅವತ್ತಿನಿಂದ ಅವರ ಮೇಲೆ ನನಗೊಂದು ಮುನಿಸಿತ್ತು. ಅದು ತಪ್ಪು ಅಂತ ಈಗ ಅನ್ನಿಸುತ್ತಿದೆ. ಅವರು ಜಾಸ್ತಿ ಮಾತಾಡುವವರಲ್ಲ, ಆದರೆ ನೀರನ್ನು ನೋಡಿ ಬೆಳೆದವರು.

ನಮ್ಮದು ತಿಪಟೂರು ಕಡೆ. ತೆಂಗಿನ ತೋಟದ ಮೂಲೆಯಲ್ಲಿ 21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿ ಹೊಂಡ. ಒಳಗೆ ಟಾರ್ಪಾಲು ಹಾಸಿದೆ. ಮಣ್ಣಿನ ಕೆರೆಯಾದರೆ ಮೀನಿಗೆ ಹುಳ, ಪಾಚಿ ತಾನಾಗೇ ಸಿಗುತ್ತದೆ. ಟಾರ್ಪಾಲಿನ ಹೊಂಡದಲ್ಲಿ ಅದು ಕಮ್ಮಿ, ನಾವೇ ತಿಂಡಿ ಹಾಕಬೇಕು. 300 ಮರಿ ಬಿಟ್ಟಿದ್ದೆ, ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಅಂಗಡಿಯ ಫೀಡ್ ದುಬಾರಿ ಅಂತ ಮನೆಯಲ್ಲೇ ಕಲಸೋಣ ಅಂದೆವು.

ಕಲಸುವುದು ಅಮ್ಮ. ರಾತ್ರಿಯೇ ಕಡಲೆಕಾಯಿ ಹಿಂಡಿ ನೆನೆಹಾಕುತ್ತಾಳೆ. ಅದಕ್ಕೂ ಮೊದಲು ಒಂದೊಂದು ತುಂಡನ್ನೂ ಮುರಿದು ಮೂಸಿ ನೋಡುತ್ತಾಳೆ, ಬೂಷ್ಟಿನ ವಾಸನೆ ಬಂದರೆ ಅಷ್ಟನ್ನೂ ಆಚೆ ಎಸೆಯುತ್ತಾಳೆ. ಬೂಷ್ಟು ಹಿಡಿದ ಹಿಂಡಿಯಲ್ಲಿ ವಿಷ ಇರುತ್ತದೆ, ಮೀನಿನ ಲಿವರ್ ಕೆಡುತ್ತದೆ. ಬೆಳಗ್ಗೆ ಹಿಂಡಿಯಷ್ಟೇ ತೂಕದ ಅಕ್ಕಿ ತೌಡು ಸೇರಿಸುತ್ತಾಳೆ. ಸುಮ್ನೆ ಕಲಸಿದರೆ ನೀರಿಗೆ ಬಿದ್ದ ತಕ್ಷಣ ಬಿಟ್ಟುಕೊಂಡು ಹೋಗುತ್ತದೆ, ಅದಕ್ಕೆ ಒಂದು ಹಿಡಿ ರಾಗಿ ಹಿಟ್ಟು ಕಾಸಿ ಅಂಟು ಬರಿಸುತ್ತಾಳೆ. ಆಮೇಲೆ ಉಂಡೆ. ಜೀವಮಾನವೆಲ್ಲ ಮುದ್ದೆ ಕಟ್ಟಿದ ಕೈ ಅದು, ಒಂದುಂಡೆಯಲ್ಲೂ ಬಿರುಕು ಕಾಣಿಸುವುದಿಲ್ಲ. ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ನೀರಿಗೆ ಇಳಿಸುತ್ತೇವೆ.

ಲೆಕ್ಕ ನನಗೆ ಗೊತ್ತಿತ್ತು. ಮೀನಿನ ತೂಕದ ನೂರಕ್ಕೆ ಮೂರು ಪಾಲು. ಒಂದೊಂದು 200 ಗ್ರಾಂ ಅಂದರೂ 300 ಮೀನಿಗೆ 60 ಕಿಲೋ ಆಯಿತು, ದಿನಕ್ಕೆ 1 ಕಿಲೋ 800 ಗ್ರಾಂ ಸಾಕು. ಮೋಟಾರ್ ಶೆಡ್ಡಿನ ಗೋಡೆ ಮೇಲೆ ಬರೆದೂ ಇಟ್ಟಿದ್ದೇನೆ. ಆದರೆ ಅಮ್ಮ ದಂಡೆಯಲ್ಲಿ ನಿಂತು "ಪಾಪ, ಇನ್ನೊಂದು ಹಾಕೋ" ಅಂದರೆ ಬೇಡ ಅನ್ನುವುದು ಹೇಗೆ? ಫೋನಿನಲ್ಲಿ ವಿಡಿಯೋ ಮಾಡುವವರಂತೂ ಜಾಸ್ತಿ ಹಾಕಿದಷ್ಟೂ ಬೇಗ ಬೆಳೆಯುತ್ತದೆ ಅಂತಲೇ ಹೇಳುತ್ತಾರೆ. ಅವರ ಮೇಲೆ ನನಗೆ ನಿಜವಾಗಿ ಕೋಪವಿದೆ. ಮೀನು ಸತ್ತರೆ ಏನು ಮಾಡಬೇಕು ಅಂತ ಅವರಲ್ಲಿ ಒಬ್ಬರೂ ಹೇಳಿದ್ದನ್ನು ನಾನು ನೋಡಿಲ್ಲ.

ಮಂಗಳವಾರಕ್ಕೆ ಮೂರು ದಿನದಿಂದ ಜಡಿಮಳೆ, ಬಿಸಿಲೇ ಬಿದ್ದಿರಲಿಲ್ಲ. ಬೆಳಗ್ಗೆ ಆರಕ್ಕೆ ಹೋದರೆ ಹೊಂಡದ ತುಂಬ ಬಾಯಿ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನನಗೆ ಎಂಥಾ ಖುಷಿ ಅಂದರೆ, ನನ್ನ ಕಾಲ ಸಪ್ಪಳ ಕೇಳಿಯೇ ಬಂದಿವೆ ಅಂದುಕೊಂಡು ಇದ್ದ ಎರಡುಂಡೆಯನ್ನೂ ಪುಡಿ ಮಾಡಿ ಎರಚಿದೆ. ಒಂದೂ ತಿನ್ನಲಿಲ್ಲ. ಆಗ ಬೇಲಿ ಆಚೆಯಿಂದ ಆ ಮಾತು ಬಂತು.

ಮಾವ ಬೇಲಿ ದಾಟಿ ಬಂದು ಮೋಟಾರ್ ಹಾಕಿಸಿದರು. ಪೈಪನ್ನು ಎತ್ತಿ ಹಿಡಿದು, ಬಾಯಿಗೆ ಕೈ ಅಡ್ಡ ಕೊಟ್ಟು ನೀರನ್ನು ಮಳೆಯ ಹಾಗೆ ಹೊಂಡಕ್ಕೆ ಬೀಳಿಸುತ್ತಾ ನಿಂತರು. ನಾನು ಬುಟ್ಟಿ ಎಳೆದೆ. ಹಿಂದಿನ ದಿನದ ಉಂಡೆ ಅರ್ಧಕ್ಕರ್ಧ ಹಾಗೇ ಇತ್ತು, ಹುಳಿ ನಾತ. ಮಿಕ್ಕ ತಿಂಡಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಮೋಡದ ದಿನ ಪಾಚಿಯಿಂದ ಹೊಸದು ಹುಟ್ಟುವುದು ಕಮ್ಮಿ, ರಾತ್ರಿ ಆ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಬೆಳಗಿನ ಜಾವಕ್ಕೆ ನೀರಲ್ಲಿ ಉಸಿರೇ ಇರುವುದಿಲ್ಲ. ಅಂಥ ನೀರಿಗೆ ನಾನು ಮತ್ತೆ ತಿಂಡಿ ಎರಚಿದ್ದೆ.

ಹನ್ನೊಂದು ಮೀನು ಸತ್ತವು. ದೊಡ್ಡವೇ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಮಾವನ ಮಾತು ಹೇಳಿದೆ. ಅವಳು ಬಡಿಸುತ್ತಿದ್ದ ಸೌಟು ಹಿಡಿದೇ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ "ಅತ್ತೆದೂ ಹಂಗೇ ಇತ್ತೇನೋ" ಅಂದಳು.

ಅಜ್ಜಿಯ ಕೊನೆಯ ವಾರ ನನಗೂ ನೆನಪಿದೆ. ಮಲಗಿದಲ್ಲೇ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ತೆರೆದಾಗಲೆಲ್ಲ ನಾವು ಸರದಿ ಮೇಲೆ ಒಂದು ಚಮಚ ಗಂಜಿ ಬಿಡುತ್ತಿದ್ದೆವು. ಗಂಜಿ ಕಟವಾಯಿಯಿಂದ ಇಳಿದು ದಿಂಬೆಲ್ಲ ಒದ್ದೆಯಾಗುತ್ತಿತ್ತು. ಬಂದ ನೆಂಟರೂ "ಇನ್ನೊಂದ್ ಚಮಚ ಬಿಡು, ಹಸಿದಿದಾಳೆ" ಅನ್ನುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿ ಅಂದರೆ ಬಡಿಸುವುದು, ಬೇರೆ ದಾರಿ ನಮಗೆ ಯಾರೂ ಕಲಿಸಿಲ್ಲ. ಕಿಟಕಿ ತೆಗೆದು, ತಲೆ ಸ್ವಲ್ಪ ಎತ್ತಿ, ಪಕ್ಕದಲ್ಲಿ ಕೈ ಹಿಡಿದು ಕೂರಬಹುದಿತ್ತು ಅಲ್ವಾ? ಆ ಕೋಣೆಯ ಕಿಟಕಿಯನ್ನು ಗಾಳಿ ತಾಗುತ್ತದೆ ಅಂತ ಮುಚ್ಚೇ ಇಟ್ಟಿದ್ದೆವು.

ಇದನ್ನು ಅಮ್ಮನಿಗೆ ಹೇಳಲಿಲ್ಲ.

ಬುಧವಾರ ಏನೂ ಹಾಕಲಿಲ್ಲ. ನಿನ್ನೆ ಬಿಸಿಲು ಬಂತು. ಹತ್ತು ಗಂಟೆಯವರೆಗೆ ಕಾದು ನಾಲ್ಕೇ ಉಂಡೆ ಇಳಿಸಿದೆ. ಎರಡು ಗಂಟೆ ಬಿಟ್ಟು ಎಳೆದರೆ ಬುಟ್ಟಿ ಖಾಲಿ. ಅಮ್ಮ ದಂಡೆಯಲ್ಲೇ ನಿಂತಿದ್ದಳು, ಸೆರಗಿನಲ್ಲಿ ಇನ್ನೂ ಮೂರುಂಡೆ ಇತ್ತು. ಹಾಕು ಅನ್ನಲಿಲ್ಲ. ವಾಪಸ್ ಹೋಗಿ ಎಮ್ಮೆಯ ಬಾನಿಗೆ ಹಾಕಿದಳು.