ಶಿಲ್ಕು ತಾಳೆಯಾಗದ ವಿಂಬಲ್ಡನ್

2019ರ ಜುಲೈ 14ರ ಭಾನುವಾರ ಲಂಡನ್ನಿನಲ್ಲಿ ಎರಡು ಫೈನಲ್‌ಗಳು ಒಂದೇ ಹೊತ್ತಿಗೆ ನಡೆದವು. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ವಿಶ್ವಕಪ್ ಕ್ರಿಕೆಟ್ಟಿಗಾಗಿ ಸೆಣಸುತ್ತಿದ್ದರೆ, ವಿಂಬಲ್ಡನ್ನಿನ ಸೆಂಟರ್ ಕೋರ್ಟಿನಲ್ಲಿ ನೊವಾಕ್ ಜೊಕೊವಿಚ್ ಮತ್ತು ರೋಜರ್ ಫೆಡರರ್ ಪುರುಷರ ಸಿಂಗಲ್ಸ್ ಪ್ರಶಸ್ತಿಗಾಗಿ ಎದುರಾಗಿದ್ದರು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಇದ್ದದ್ದು ಒಂದೇ ಟಿ.ವಿ. ಭಾರತ ಫೈನಲ್ ತಲುಪಿದ್ದರೆ ಅಂದು ಟೆನಿಸ್ಸಿನ ಹೆಸರೆತ್ತಲು ನನಗೆ ಬಾಯಿ ಬರುತ್ತಿರಲಿಲ್ಲ. ಆದರೆ ನಮ್ಮವರು ಆ ವಾರವೇ ಮ್ಯಾಂಚೆಸ್ಟರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡಿಗೆ ಸೋತಿದ್ದರು. ಹತ್ತಿ ಗಿರಣಿಗಳ ಕಾಲದಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರಿನ ಜನರೇ ಆ ಮ್ಯಾಂಚೆಸ್ಟರಿಗೆ ಹಿಡಿಶಾಪ ಹಾಕುತ್ತಿದ್ದ ದಿನಗಳವು. ಹೀಗಾಗಿ ಕ್ರಿಕೆಟ್ ನೋಡುವ ಹುಡುಗರೆಲ್ಲ ಮೊಬೈಲ್ ಹಿಡಿದು ಮಹಡಿ ಹತ್ತಿದರು. ಸಂಜೆ ಏಳಕ್ಕೆ ಇಪ್ಪತ್ತು ನಿಮಿಷವಿರುವಾಗ ಟೆನಿಸ್ ಆರಂಭವಾದಾಗ ಟಿ.ವಿ.ಯ ಮುಂದೆ ಉಳಿದವರು ನಾನು ಮತ್ತು ಮಾವ.

ಮಾವ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದು, ಭತ್ತ ಮತ್ತು ಮೆಕ್ಕೆಜೋಳದ ಲೆಕ್ಕ ಬರೆಯುತ್ತಲೇ ನಿವೃತ್ತರಾದವರು. ಯಾವ ಆಟವನ್ನೇ ನೋಡಲಿ, ಕೈಯಲ್ಲಿ ಪೆನ್ನಿರದಿದ್ದರೆ ಅವರಿಗೆ ಸಮಾಧಾನವಿಲ್ಲ. ಅಂದು ಕೂಡ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಹಳೆಯ ಲೆಕ್ಕದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಫೆ’ ಎಂದೂ ಬಲಕ್ಕೆ ‘ಜೊ’ ಎಂದೂ ಬರೆದರು. ಒಂದೊಂದು ಪಾಯಿಂಟಿಗೆ ಒಂದೊಂದು ಕಡ್ಡಿಗೆರೆ. ನಾಲ್ಕು ಗೆರೆಗಳಾದ ಮೇಲೆ ಐದನೆಯದು ಅಡ್ಡಗೆರೆ. ಹದಿನೈದು, ಮೂವತ್ತು ಆದಮೇಲೆ ನಲವತ್ತೈದರ ಬದಲು ನಲವತ್ತು ಏಕೆ ಬರುತ್ತದೆ ಎಂಬ ತಕರಾರನ್ನು ಅವರು ಮೊದಲ ಗೇಮಿನಲ್ಲಿಯೇ ಎತ್ತಿ, ಉತ್ತರಕ್ಕೆ ಕಾಯದೆ ಬಿಟ್ಟರು.

ಮೊದಲ ಸೆಟ್ಟಿನಲ್ಲಿ ಯಾರೂ ಇನ್ನೊಬ್ಬರ ಸರ್ವ್ ಬ್ರೇಕ್ ಮಾಡಲಿಲ್ಲ, ಅಂದರೆ ಎದುರಾಳಿ ಸರ್ವ್ ಮಾಡಿದ ಗೇಮನ್ನು ಗೆಲ್ಲಲಿಲ್ಲ. ಗೇಮ್‌ಗಳು 6–6ರಲ್ಲಿ ಸಮವಾಗಿ, ಏಳು ಪಾಯಿಂಟ್‌ಗಳ ನಿರ್ಣಾಯಕ ಗೇಮಾದ ಟೈಬ್ರೇಕರ್ ಬಂತು. ಟೈಬ್ರೇಕರ್‌ನಲ್ಲಿ 5–3ರಿಂದ ಮುಂದಿದ್ದ ಫೆಡರರ್ ನಂತರದ ನಾಲ್ಕು ಪಾಯಿಂಟ್‌ಗಳನ್ನೂ ಬಿಟ್ಟುಕೊಟ್ಟರು. ಎರಡನೆಯ ಸೆಟ್ಟನ್ನು ಅವರು 6–1ರಿಂದ ಗುಡಿಸಿ ಹಾಕಿದಾಗ ಮಾವನ ಎಡಗಡೆಯ ಅಂಕಣ ಗಟ್ಟಿಯಾಗಿ ಬೆಳೆಯಿತು. ಮೂರನೆಯದು ಮತ್ತೆ ಟೈಬ್ರೇಕರ್‌ಗೆ ಹೋಗಿ ಮತ್ತೆ ಜೊಕೊವಿಚ್ ಪಾಲಾಯಿತು. ಅಷ್ಟು ಹೊತ್ತಿಗೆ ಫೆಡರರ್ 18 ಗೇಮ್ ಗೆದ್ದಿದ್ದರು, ಜೊಕೊವಿಚ್ 15. ಫೆಡರರ್ ಒಮ್ಮೆಯೂ ಸರ್ವ್ ಕಳೆದುಕೊಂಡಿರಲಿಲ್ಲ. ಆದರೂ ಸೆಟ್ಟುಗಳಲ್ಲಿ 2–1ರಿಂದ ಹಿಂದೆ ಬಿದ್ದವರು ಅವರೇ.

“ಅಲ್ಲ ಅಳಿಯಾ, ಆರು–ಒಂದರಾಗೆ ಗೆದ್ದಾನಲ್ಲ, ಆ ಹೆಚ್ಚಿನದು ಎಲ್ಲಿ ಹೋತು? ಮುಂದಿನ ಪುಟಕ್ಕೆ ಒಯ್ಯಬೇಕಲ್ಲ?” ಎಂದು ಮಾವ ಕೇಳಿದರು.

ಟೆನಿಸ್ಸಿನಲ್ಲಿ ಒಯ್ಯುವುದಿಲ್ಲ ಎಂದೆ. ಮಂಡಿಯಲ್ಲಿ ದಿನದ ಕೊನೆಯ ಶಿಲ್ಕು, ಅಂದರೆ ಉಳಿದ ಮೊತ್ತ, ಮರುದಿನದ ಆರಂಭದ ಶಿಲ್ಕಾಗಿ ಕೂರುತ್ತದೆ. ಇಲ್ಲಿ ಗೇಮ್ ಮುಗಿದರೆ ಆ ಗೇಮಿನ ಪಾಯಿಂಟ್‌ಗಳೂ, ಸೆಟ್ ಮುಗಿದರೆ ಆ ಸೆಟ್ಟಿನ ಗೇಮ್‌ಗಳೂ ಅಲ್ಲಿಗೇ ಜಮಾಖರ್ಚಾಗಿ, ಇಬ್ಬರೂ ಸೊನ್ನೆಯಿಂದ ಶುರುಮಾಡಬೇಕು. 6–1ರ ಸೆಟ್ಟಿಗೂ 7–6ರ ಸೆಟ್ಟಿಗೂ ಬೆಲೆ ಒಂದೇ. ಮಾವನಿಗೆ ಇದು ಆಟದ ನಿಯಮ ಎನ್ನುವುದಕ್ಕಿಂತ ಮಾಲೀಕನ ಕಣ್ಣಿಗೆ ಮಣ್ಣೆರಚುವ ಲೆಕ್ಕದಂತೆ ಕಂಡಿತು.

ನಾಲ್ಕನೆಯ ಸೆಟ್ಟು 6–4ರಿಂದ ಫೆಡರರ್ ಕಡೆಗೆ ಬಂತು. ಐದನೆಯದರಲ್ಲಿ ಜೊಕೊವಿಚ್ 4–2ರ ಮುನ್ನಡೆ ಪಡೆದರೂ ಫೆಡರರ್ ಅದನ್ನು ಹಿಂದಕ್ಕೆ ಪಡೆದು, 7–7ರಲ್ಲಿ ಎದುರಾಳಿಯ ಸರ್ವ್ ಬ್ರೇಕ್ ಮಾಡಿ 8–7ಕ್ಕೆ ತಾವೇ ಸರ್ವ್ ಮಾಡಲು ನಿಂತರು. ಮುಂದಿನ ತಿಂಗಳು ಮೂವತ್ತೆಂಟು ತುಂಬಲಿದ್ದ ಆಟಗಾರ ಆ ಗೇಮಿನಲ್ಲಿ ಏಸ್‌ಗಳನ್ನು (ಎದುರಾಳಿಗೆ ಮುಟ್ಟಲಾಗದ ಸರ್ವ್‌ಗಳನ್ನು) ಹೊಡೆದು 40–15 ಮಾಡಿದಾಗ, ಎರಡು ಅವಕಾಶಗಳಲ್ಲಿ ಒಂದನ್ನು ಗೆದ್ದರೂ ಟ್ರೋಫಿ ಅವರದ್ದಾಗಿತ್ತು. ಮಾವ ಪೆನ್ನನ್ನು ಒತ್ತಿ ಹಿಡಿದು, ಎಡ ಅಂಕಣದ ಕೆಳಗೆ ಲೆಕ್ಕ ಮುಗಿದಾಗ ಎಳೆಯುವ ಜೋಡಿಗೆರೆಯನ್ನು ಎಳೆದೇಬಿಟ್ಟರು. ಮೊದಲ ಅವಕಾಶದಲ್ಲಿ ಫೆಡರರ್ ಅವರ ಫೋರ್‌ಹ್ಯಾಂಡ್ ಹೊರಗೆ ಬಿತ್ತು. ಎರಡನೆಯದರಲ್ಲಿ ಅವರು ನೆಟ್‌ನತ್ತ ನುಗ್ಗಿ ಬಂದಾಗ ಜೊಕೊವಿಚ್ ಚೆಂಡನ್ನು ಅಡ್ಡಲಾಗಿ ಅವರ ಕೈಗೆಟುಕದಂತೆ ದಾಟಿಸಿದರು. ಪುರುಷರ ಫೈನಲ್‌ನಲ್ಲಿ ಸೋಲಿನ ಅಂಚಿನ ಪಾಯಿಂಟ್ ಉಳಿಸಿಕೊಂಡು ವಿಂಬಲ್ಡನ್ ಗೆದ್ದವರು 1948ರ ಬಾಬ್ ಫಾಲ್ಕನ್‌ಬರ್ಗ್ ನಂತರ ಯಾರೂ ಇರಲಿಲ್ಲ. ಅದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ಮಾವ ಜೋಡಿಗೆರೆಯನ್ನೇ ದಿಟ್ಟಿಸುತ್ತಿದ್ದರು. ಗುಮಾಸ್ತಿಕೆಯಲ್ಲಿ ಗೆರೆಯ ಕೆಳಗೆ ಬರೆಯುವುದು ಅಪಚಾರವಂತೆ. ಕೊನೆಗೆ ಬೇರೆ ದಾರಿ ಕಾಣದೆ ಅದರ ಕೆಳಗೇ ಕಡ್ಡಿಗೆರೆಗಳನ್ನು ಹಾಕತೊಡಗಿದರು.

ಆ ಸೆಟ್ಟು 12–12ರವರೆಗೂ ಎಳೆಯಿತು. ಕೊನೆಯ ಸೆಟ್ಟು 12–12 ಆದರೆ ಟೈಬ್ರೇಕರ್ ಎಂಬ ನಿಯಮ ವಿಂಬಲ್ಡನ್ನಿಗೆ ಆ ವರ್ಷವಷ್ಟೇ ಬಂದಿತ್ತು. 2010ರಲ್ಲಿ ಇಲ್ಲಿಯೇ ಅಮೆರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸಿನ ನಿಕೊಲಾ ಮಾಹು ಮೂರು ದಿನಗಳಲ್ಲಿ ಹಂಚಿಹೋದ ಹನ್ನೊಂದು ಗಂಟೆ ಐದು ನಿಮಿಷ ಆಡಿ ಕೊನೆಯ ಸೆಟ್ಟನ್ನು 70–68ಕ್ಕೆ ಮುಗಿಸಿದ್ದರು. 2018ರ ಸೆಮಿಫೈನಲ್‌ನಲ್ಲಿ ಅದೇ ಇಸ್ನರ್ ದಕ್ಷಿಣ ಆಫ್ರಿಕಾದ ಕೆವಿನ್ ಆ್ಯಂಡರ್ಸನ್ ಎದುರು ಕೊನೆಯ ಸೆಟ್ಟನ್ನು 26–24ರಿಂದ ಸೋತಿದ್ದರು. ಅದಕ್ಕೆ ಮದ್ದಾಗಿ ಬಂದ ನಿಯಮ ಸಿಂಗಲ್ಸ್‌ನಲ್ಲಿ ಮೊದಲು ಬಳಕೆಯಾದದ್ದು ಈ ಫೈನಲ್‌ನಲ್ಲೇ. ಮೂರನೆಯ ಟೈಬ್ರೇಕರ್ ಕೂಡ 7–3ರಿಂದ ಜೊಕೊವಿಚ್‌ಗೆ ಹೋಯಿತು. ನಾಲ್ಕು ಗಂಟೆ ಐವತ್ತೇಳು ನಿಮಿಷ. ವಿಂಬಲ್ಡನ್ನಿನ ಅತಿ ದೀರ್ಘ ಸಿಂಗಲ್ಸ್ ಫೈನಲ್.

ಟಿ.ವಿ.ಯಲ್ಲಿ ಅಂಕಿಅಂಶ ಬಂದಾಗ ಮಾವ ತಮ್ಮ ಪುಸ್ತಕದೊಂದಿಗೆ ಹೋಲಿಸಿದರು. ಒಟ್ಟು ಪಾಯಿಂಟ್‌ಗಳಲ್ಲಿ ಫೆಡರರ್ 218, ಜೊಕೊವಿಚ್ 204. ಗೇಮ್‌ಗಳನ್ನು ಮಾವನೇ ಕೂಡಿದರು: 36 ಮತ್ತು 32. ಏಸ್‌ಗಳು 25 ಮತ್ತು 10. “ಜಮಾ ಎಲ್ಲ ಇವನ ಕಡೆಗೈತೆ, ಗೆದ್ದೋನು ಅವನು” ಎಂದು ಪುಸ್ತಕವನ್ನು ನನ್ನ ಮುಂದೆ ಸರಿಸಿದರು.

ಅನ್ಯಾಯವಾಯಿತು ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಮೂರು ಟೈಬ್ರೇಕರ್‌ಗಳಲ್ಲಿ ಫೆಡರರ್ ಹನ್ನೊಂದು ಸ್ವಯಂಕೃತ ತಪ್ಪುಗಳನ್ನು ಮಾಡಿದರು, ಜೊಕೊವಿಚ್ ಒಂದನ್ನೂ ಮಾಡಲಿಲ್ಲ. ಎರಡನೆಯ ಸೆಟ್ ಕೈತಪ್ಪಿದ್ದು ಖಚಿತವಾದಾಗ ಅದರ ಹಿಂದೆ ಓಡಿ ದಣಿಯದೆ, ಲೆಕ್ಕಕ್ಕೆ ಬರುವ ಪಾಯಿಂಟ್ ಯಾವುದೆಂದು ಅರಿತು ಅಲ್ಲಿ ಚೆಂಡನ್ನು ಗೆರೆಯೊಳಗೆ ಇಟ್ಟವರು ಅವರು. ನೋಡಲು ಸೊಗಸಾದ ಆಟ ಫೆಡರರ್ ಅವರದ್ದೇ; ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಈ ವಾದ ಮುಗಿಯುವ ಮೊದಲೇ ಮಹಡಿಯಿಂದ ಕೂಗು ಕೇಳಿ ಚಾನೆಲ್ ಬದಲಿಸಿದರೆ, ಲಾರ್ಡ್ಸ್‌ನಲ್ಲಿ ಇನ್ನೂ ವಿಚಿತ್ರ ನಡೆದಿತ್ತು. ಎರಡೂ ತಂಡಗಳ ರನ್ 241, ಸೂಪರ್ ಓವರ್‌ನಲ್ಲೂ 15–15. ಹೆಚ್ಚು ಬೌಂಡರಿ ಹೊಡೆದದ್ದಕ್ಕೆ ಇಂಗ್ಲೆಂಡಿಗೆ ಕಪ್ಪು. “ಅಲ್ಲಿ ಹೆಚ್ಚು ಜಮಾ ಇದ್ದೋನು ಸೋತ, ಇಲ್ಲಿ ಸಮ ಇದ್ದೋನೂ ಸೋತ” ಎಂದು ಮಾವ ಪೆನ್ನಿನ ಕ್ಯಾಪ್ ಹಾಕಿದರು.

ಆ ಅಕ್ಟೋಬರ್‌ನಲ್ಲೇ ಐ.ಸಿ.ಸಿ. ಬೌಂಡರಿ ಎಣಿಸುವ ನಿಯಮವನ್ನು ಕೈಬಿಟ್ಟಿತು. ಟೆನಿಸ್ಸಿನಲ್ಲಿ 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಕೊನೆಯ ಸೆಟ್ಟಿಗೆ 6–6ರಲ್ಲಿ ಹತ್ತು ಪಾಯಿಂಟ್‌ಗಳ ಟೈಬ್ರೇಕರ್ ಬಂತು. ಈ ನಿಯಮ ಅಂದೇ ಇದ್ದಿದ್ದರೆ 8–7 ಎಂಬುದಾಗಲಿ, ಆ 40–15 ಆಗಲಿ ಬರುತ್ತಲೇ ಇರಲಿಲ್ಲ ಎಂದು ನಾನು ಮಾವನಿಗೆ ಹೇಳಿದೆ.

“ಹಂಗಾದ್ರೆ ಆ ಗೆರೇನೂ ಎಳೀತಿರಲಿಲ್ಲ ಬಿಡು. ಆದ್ರೆ ಹದಿನಾಲ್ಕು ಪಾಯಿಂಟು ಎಲ್ಲಿ ಹೋದವು ಅಂತ ನೀನಿನ್ನೂ ಹೇಳಿಲ್ಲ” ಎಂದರು.