ಎಕ್ಸೆಲ್‌ನಲ್ಲಿ ಹೈಡ್ ಮಾಡಿದ್ದ ಜಿ ಕಾಲಮ್

ಮೀಟಿಂಗ್‌ನಲ್ಲಿ ಬೈಸಿಕೊಳ್ಳೋದು ನನಗೆ ಹೊಸದಲ್ಲ. ಆದರೆ ನಾನೇ ಕರೆಸಿದ ಮೀಟಿಂಗ್‌ನಲ್ಲಿ, ನನ್ನದೇ ಫೈಲ್ ಎಲ್ಲರ ಎದುರು ನನ್ನ ಬಾಯಿ ಮುಚ್ಚಿಸಿದ್ದು ಅದೊಂದೇ ಸಲ. ಎರಡು ವರ್ಷ ಆಯ್ತು. ಈಗಲೂ ಎಕ್ಸೆಲ್‌ನಲ್ಲಿ ಯಾವುದಾದರೂ ಕಾಲಮ್ ಮಾಯ ಆಗಿದ್ದು ಕಂಡರೆ ಕಿವಿ ಬಿಸಿಯಾಗುತ್ತದೆ.

ನಮ್ಮ ಗುಂಪು ಒಂದು ಕಾರ್ಖಾನೆಯ ಸುತ್ತ ಗಾಳಿಯ ದೂಳು (ಪಿಎಂ) ಅಳೆಯುವ ಹನ್ನೆರಡು ಸಣ್ಣ ಸೆನ್ಸರ್ ಡಬ್ಬ ಹಾಕಿತ್ತು. ಪ್ರತಿ ಡಬ್ಬದಲ್ಲೂ ಒಂದೇ ಥರದ ಎರಡು ಸೆನ್ಸರ್, ಎ ಚಾನೆಲ್ ಮತ್ತು ಬಿ ಚಾನೆಲ್. ಒಂದೊಂದರ ಒಳಗೂ ಒಂದು ಚಿಕ್ಕ ಫ್ಯಾನ್, ಒಂದು ಲೇಸರ್, ಅಷ್ಟೇ. ದೂಳಿನ ಕಣ ಬೆಳಕನ್ನು ಎಷ್ಟು ಚದುರಿಸಿತು ಅಂತ ನೋಡಿ ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ದೂಳು, ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಅಂತ ಅಂದಾಜು ಹೇಳುವ ಜಾತಿ. ಏಳನೇ ನಂಬರಿನದ್ದು ಬೇಲಿ ಪಕ್ಕದ ಕಂಬದ ಮೇಲಿತ್ತು. ಅದು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಏರೋಕೆ ಶುರು ಮಾಡುತ್ತಿತ್ತು. 60, 90, 140. ಬಿಸಿಲು ಬಿದ್ದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ 30ಕ್ಕೆ ಇಳಿಯುತ್ತಿತ್ತು. ಮೂರು ವಾರ ಬಿಡದೆ ಇದೇ ಕಥೆ.

ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಕಾರ್ಖಾನೆಯವರು ರಾತ್ರಿ ಹೊತ್ತು ದೂಳು ಹಿಡಿಯುವ ಬ್ಯಾಗ್ ಫಿಲ್ಟರ್ ಬೈಪಾಸ್ ಮಾಡಿ ಹೊಗೆ ಬಿಡುತ್ತಾರೆ ಅನ್ನೋ ಮಾತನ್ನು ಈ ಕೆಲಸದಲ್ಲಿ ಇರೋರೆಲ್ಲ ಕೇಳಿರುತ್ತಾರೆ. ನಾನು ಅದನ್ನು ಕೇಳಿ ಕೇಳಿ ನಂಬಿಯೇ ಬಿಟ್ಟಿದ್ದೆ. ಗ್ರಾಫ್ ನೋಡುವ ಮೊದಲೇ ತೀರ್ಪು ರೆಡಿ ಇತ್ತು.

ಚೆಕ್ ಮಾಡಲಿಲ್ಲ ಅಂತಲ್ಲ. ಎ ಚಾನೆಲ್, ಬಿ ಚಾನೆಲ್ ಎರಡೂ ಅಚ್ಚುಕಟ್ಟಾಗಿ ಹೊಂದುತ್ತಿದ್ದವು. ಎರಡು ಸೆನ್ಸರ್ ಒಂದೇ ಮಾತು ಹೇಳಿದರೆ ನಿಜವೇ ಇರಬೇಕು ಅಲ್ವಾ? ಒಂದೇ ಡಬ್ಬದಲ್ಲಿ ಕೂತು ಒಂದೇ ಒದ್ದೆ ಗಾಳಿ ಎಳೆದುಕೊಳ್ಳುವ ಇಬ್ಬರು ಸಾಕ್ಷಿಗಳು ಒಂದೇ ಸುಳ್ಳು ಹೇಳಬಹುದು ಅಂತ ಹೊಳೆಯಲೇ ಇಲ್ಲ. ಹತ್ತು ದಿನ ನಮ್ಮ ವ್ಯಾನ್ ಕೂಡ ಅದೇ ಬೇಲಿ ಪಕ್ಕ ನಿಂತಿತ್ತು, ಒಳಗೆ ಬ್ಯಾಮ್ ಅನ್ನೋ ಹೆಚ್ಚು ನಂಬಬಹುದಾದ ದೂಳು ಅಳೆಯುವ ಯಂತ್ರ ಇತ್ತು, ಸಲ್ಫರ್ ಡೈಆಕ್ಸೈಡ್ ಅನಿಲ ಅಳೆಯುವ ಎಸ್‌ಒ2 ಅನಲೈಜರ್ ಇತ್ತು. ಆ ಡೇಟಾ ಸರಿ ಇದೆಯಾ ಅಂತ ನೋಡುವ ಕ್ಯೂಸಿ ಇನ್ನೂ ಆಗಿರಲಿಲ್ಲ. ಕ್ಯೂಸಿ ಮಾಡಬೇಕಾದವನು ರಜೆಯಲ್ಲಿದ್ದ. ಕಚ್ಚಾ ಫೈಲ್ ಸರ್ವರ್‌ನಲ್ಲೇ ಇತ್ತು, ತೆರೆದು ನೋಡೋಕೆ ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಸ್ಲೈಡ್ ಮಾಡೋದರಲ್ಲಿ ಬಿಜಿ ಇದ್ದೆ.

ನಮ್ಮ ಮ್ಯಾನೇಜರ್‌ಗೆ ಸ್ಲೈಡ್ ಬಹಳ ಹಿಡಿಸಿತು. "ಕೆಂಪು ಗೆರೆ ಒಂದು ಹಾಕು, ಎದ್ದು ಕಾಣಬೇಕು" ಅಂದರು. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2021ರಲ್ಲಿ ಕೊಟ್ಟ 15 ಮೈಕ್ರೋಗ್ರಾಂ ಮಿತಿಯ ಗೆರೆ ಎಳೆದೆ. 140ರ ಪಕ್ಕದಲ್ಲಿ 15, ನೋಡಿದವರ ಎದೆ ಝಲ್ಲೆನ್ನಬೇಕು. ಫೈಲ್‌ನಲ್ಲಿ ಕಾಲಮ್‌ಗಳು ಜಾಸ್ತಿ ಆಗಿ ಅಡ್ಡ ಬರುತ್ತಿವೆ ಅಂತ ಬೇಡದ್ದನ್ನು ಹೈಡ್ ಮಾಡಿದೆ. ಆಮೇಲೆ ಒಂದು ಮೇಲ್, ಸಿಸಿಯಲ್ಲಿ ಊರೆಲ್ಲ: ಮಾಲಿನ್ಯ ನಿಯಂತ್ರಣ ಮಂಡಳಿಯವರು, ಕಾರ್ಖಾನೆಯವರು, ನಮ್ಮ ನಿರ್ದೇಶಕರು.

ಮೀಟಿಂಗ್‌ಗೆ ಕಾರ್ಖಾನೆ ಕಡೆಯಿಂದ ಮೂವರು ಬಂದಿದ್ದರು. ಇಬ್ಬರು ಜೋರು ಮಾಡುತ್ತಿದ್ದರು, ಅವರಿಗೆ ಉತ್ತರ ಕೊಡೋದು ಸುಲಭವಾಗಿತ್ತು. ಮೂರನೆಯವರು ಅವರ ಪರಿಸರ ವಿಭಾಗದ ಮೇಡಮ್. ಇಪ್ಪತ್ತು ನಿಮಿಷ ಸುಮ್ನೆ ಕೂತು ನೋಟ್ಸ್ ಬರೆದುಕೊಂಡರು. ಆಮೇಲೆ ಪೆನ್ನಿನ ಕ್ಯಾಪ್ ಹಾಕಿ ಕೇಳಿದರು.

"ಈ ಬಾರ್‌ಗಳು ಗಂಟೆ ಲೆಕ್ಕದ್ದಲ್ವಾ ಸರ್? ಕೆಂಪು ಗೆರೆ ಯಾವುದು?"

"ಡಬ್ಲ್ಯೂಎಚ್‌ಒ ಗೆರೆ, 15."

"ಅದು 24 ಗಂಟೆ ಸರಾಸರಿಗೆ ಇರೋದಲ್ವಾ?"

ಹೌದು ಅಂದೆ. ಆದರೂ ಟ್ರೆಂಡ್ ಮುಖ್ಯ, ಹಾಗೆ ಹೀಗೆ ಅಂತ ಏನೋ ಸೇರಿಸಿದೆ. ಅವರು ವಾದಕ್ಕೆ ಇಳಿಯಲಿಲ್ಲ. "ಮೂಲ ಫೈಲ್ ತೋರಿಸ್ತೀರಾ?" ಅಂದರು. ಪ್ರೊಜೆಕ್ಟರ್‌ನಲ್ಲೇ ತೆರೆದೆ, ಧೈರ್ಯವಾಗಿ. ಅವರು ಎದ್ದು ಪರದೆ ಹತ್ತಿರ ಹೋಗಿ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. "ಎಫ್ ಆದ ಮೇಲೆ ಎಚ್ ಇದೆ. ಜಿ ಎಲ್ಲಿ?"

ಆಗಲೇ ಗೊತ್ತಾಯಿತು. ಜಿ ಅಂದರೆ ಆರ್‌ಎಚ್, ಗಾಳಿಯಲ್ಲಿ ತೇವ ಶೇಕಡಾ ಎಷ್ಟು ಅನ್ನೋ ಲೆಕ್ಕ.

ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಒತ್ತೋಕೆ ಎರಡು ಸೆಕೆಂಡ್ ಸಾಕು. ನಾನು ಅರ್ಧ ನಿಮಿಷ ತಗೊಂಡೆ. ಮೌಸ್ ಸರಿ ಇಲ್ಲ ಅನ್ನೋ ಹಾಗೆ ಅದನ್ನು ಮೇಜಿನ ಮೇಲೆ ಉಜ್ಜಿದೆ. ಪ್ರೊಜೆಕ್ಟರ್ ಫ್ಯಾನ್ ಸದ್ದು ಬಿಟ್ಟರೆ ಕೋಣೆಯಲ್ಲಿ ಉಸಿರಿಲ್ಲ. ಕಾಲಮ್ ತೆರೆದುಕೊಂಡಿತು. ಬೆಳಗಿನ ಜಾವ ನಾಲ್ಕಕ್ಕೆ 93. ಐದಕ್ಕೆ 96. ಆರಕ್ಕೆ 97. ಬಿಸಿಲು ಬಿದ್ದ ಮೇಲೆ 60. ಪಕ್ಕದ ಪಿಎಂ ಕಾಲಮ್ ಅದರ ಜೊತೆ ಕೈ ಹಿಡಿದುಕೊಂಡು ಏರಿತ್ತು, ಕೈ ಹಿಡಿದುಕೊಂಡೇ ಇಳಿದಿತ್ತು.

ತೇವ ಜಾಸ್ತಿ ಆದರೆ ಕಣ ನೀರು ಕುಡಿದು ಊದಿಕೊಳ್ಳುತ್ತದೆ. ಗಾಳಿಯ ದೂಳಿನಲ್ಲಿರುವ ಅಮೋನಿಯಂ ಸಲ್ಫೇಟ್‌ನಂಥ ಲವಣ ಆರ್‌ಎಚ್ ಸುಮಾರು 80 ಮುಟ್ಟಿದರೆ ಸಾಕು, ಕರಗಿ ಹನಿಯಾಗುತ್ತದೆ. ಊದಿದ ಕಣ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಸೆನ್ಸರ್ ಅದನ್ನೆಲ್ಲ ದೂಳು ಅಂತ ಎಣಿಸುತ್ತದೆ. ಇನ್ನು ಮಂಜು ಇದ್ದರಂತೂ ಮುಗಿಯಿತು, ನೀರಿನ ಹನಿಯೇ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಬ್ಯಾಮ್‌ನಲ್ಲಿ ಈ ತಾಪತ್ರಯ ಕಡಿಮೆ, ಯಾಕೆಂದರೆ ಒಳಗೆ ಬರುವ ಗಾಳಿಯನ್ನು ಹೀಟರ್ ಮೊದಲೇ ಒಣಗಿಸುತ್ತದೆ, ಆಮೇಲೆ ಟೇಪಿನ ಮೇಲೆ ಕೂತ ದೂಳನ್ನು ಬೀಟಾ ಕಿರಣದಿಂದ ಅಳೆಯುತ್ತದೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಸಬರಿಗೆ ಟ್ರೇನಿಂಗ್ ಕೊಡುವಾಗ ನಾನೇ ಹೇಳಿಕೊಡುತ್ತೇನೆ. ಅದೇ ನಾಚಿಕೆ.

ಅವತ್ತು ರಾತ್ರಿ ಬ್ಯಾಮ್ ಫೈಲ್ ತೆರೆದೆ. ಸೆನ್ಸರ್ 140 ಅಂದ ಗಂಟೆಯಲ್ಲಿ ಬ್ಯಾಮ್ 46 ಅಂದಿತ್ತು. ಆ 46 ಕೂಡ ಪೂರ್ತಿ ಕಾರ್ಖಾನೆಯದ್ದು ಅನ್ನೋಕೆ ಆಗಲ್ಲ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ಮೇಲೆ ಕೆಳಗೆ ಬೆರೆಯೋದು ನಿಲ್ಲುತ್ತದೆ, ಹೊಗೆ ಎಲ್ಲಿಂದ ಬಂದರೂ ನೆಲದ ಹತ್ತಿರವೇ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಬೆಳಗಿನ ಜಾವದ ಏರಿಕೆ ಕಂಡು ಯಾರನ್ನಾದರೂ ಕಳ್ಳ ಅನ್ನುವ ಮೊದಲು ಅದನ್ನೂ ಕಳೆಯಬೇಕು.

ಒಂದು ವಾರ ಕೂತು ಎಲ್ಲ ತಿದ್ದಿದೆ. ಇಂಥ ಸೆನ್ಸರ್‌ಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯವರು 2021ರಲ್ಲಿ ಆರ್‌ಎಚ್ ಸೇರಿಸಿ ಅಳತೆ ತಿದ್ದುವ ಒಂದು ಸಮೀಕರಣ ಕೊಟ್ಟಿದ್ದಾರೆ. ಅದನ್ನು ಹಾಗೇ ಎತ್ತಿ ಅಂಟಿಸಲಿಲ್ಲ. ಅಲ್ಲಿನ ದೂಳು ಬೇರೆ, ನಮ್ಮದು ಬೇರೆ. ನಮ್ಮ ಬ್ಯಾಮ್ ಜೊತೆಗಿನ ಹತ್ತು ದಿನದ ಕೊಲೊಕೇಶನ್ (ಎರಡೂ ಅಕ್ಕಪಕ್ಕ ನಿಂತು ಅಳೆದ) ಡೇಟಾದಿಂದಲೇ ನಮ್ಮದೇ ಸಮೀಕರಣ ಫಿಟ್ ಮಾಡಿದೆ, ಆರ್‌ಎಚ್ 90 ದಾಟಿದ ಗಂಟೆಗಳಿಗೆಲ್ಲ ನಂಬಬೇಡ ಅನ್ನೋ ಫ್ಲ್ಯಾಗ್ ಹಾಕಿದೆ. ಬೆಳಗಿನ ಜಾವದ ಆ ದೊಡ್ಡ ಗುಡ್ಡ ಕರಗಿ ಹೋಯಿತು.

ಗುಡ್ಡ ಕರಗಿದ ಮೇಲೆ ಅದರ ಹಿಂದೆ ಇನ್ನೊಂದು ಸಣ್ಣದು ಕಾಣಿಸಿತು. ರಾತ್ರಿ ಎರಡು ಗಂಟೆಗೆ. ಹತ್ತು ರಾತ್ರಿಯಲ್ಲಿ ಮೂರು ರಾತ್ರಿ. ಆರ್‌ಎಚ್ 68, ಅಂದರೆ ನೀರಿನ ಆಟ ಅಷ್ಟಿಲ್ಲ. ಗಾಳಿ ನೇರ ಚಿಮಣಿ ಕಡೆಯಿಂದ. ಬ್ಯಾಮ್ ಏರಿದೆ, ಅದರ ಜೊತೆಗೇ ಎಸ್‌ಒ2 ಕೂಡ ಏರಿದೆ. ಅರ್ಧ ಗಂಟೆಯಲ್ಲಿ ಎಸ್‌ಒ2 ಮತ್ತೆ ಕೆಳಗೆ. ನೀರಿನ ಹನಿ ಎಸ್‌ಒ2 ಅನಲೈಜರನ್ನು ಹಾಗೆ ಕುಣಿಸಲ್ಲ. ಇದು ಏನೋ ಇದೆ. ನಾನು ಹುಡುಕುತ್ತಿದ್ದದ್ದೇ ಇದಿರಬಹುದು.

ಮ್ಯಾನೇಜರ್ ಹತ್ತಿರ ತಗೊಂಡು ಹೋದೆ. ಗ್ರಾಫ್ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡಿ "ಮತ್ತೆ ಅದೇ ಕಾರ್ಖಾನೆನಾ?" ಅಂದರು. ಕೆಂಪು ಗೆರೆ ಹಾಕು ಅಂದವರು ಇವರೇ. ಮಂಡಳಿಯವರಿಗೆ ಮೇಲ್ ಹಾಕಿದೆ, ಈ ಸಲ ಎಲ್ಲ ಕಾಲಮ್ ಇಟ್ಟು, ಆರ್‌ಎಚ್‌ಗೆ ಹಳದಿ ಬಣ್ಣ ಹಚ್ಚಿ. ಎರಡು ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ಹಿಂದಿನ ವರದಿಯ ಗೊಂದಲ ಗಮನದಲ್ಲಿಟ್ಟುಕೊಂಡು ಸದ್ಯಕ್ಕೆ ಕ್ರಮ ಬೇಡ. ಇನ್ನೊಂದು ತಿಂಗಳು ವ್ಯಾನ್ ನಿಲ್ಲಿಸೋಣ ಅಂತ ಕೇಳಿದರೆ ವ್ಯಾನ್ ಬೇರೆ ಪ್ರಾಜೆಕ್ಟಿಗೆ ಹೋಗಿತ್ತು.

ಮೂರು ರಾತ್ರಿಯ ಡೇಟಾದಿಂದ ನಾನು ಯಾರನ್ನೂ ತಪ್ಪಿತಸ್ಥ ಅನ್ನಲ್ಲ, ಬಾಯ್ಲರ್ ಶುರು ಮಾಡುವಾಗಲೂ ಹೀಗೆ ಆಗಬಹುದು. ಆದರೆ ಕೇಳಬೇಕಾದ ಪ್ರಶ್ನೆ ಅದು, ಕೇಳುವ ಬಾಯಿ ನಾನೇ ಕೆಡಿಸಿಕೊಂಡಿದ್ದೆ.

ಈಗ ನನ್ನ ಎಲ್ಲ ಶೀಟ್‌ನಲ್ಲೂ ಆರ್‌ಎಚ್ ಎರಡನೇ ಕಾಲಮ್, ಫ್ರೀಜ್ ಮಾಡಿಟ್ಟಿದ್ದೇನೆ. ಹೊಸಬರು ಏನೇ ಗುಡ್ಡ ತಂದು ತೋರಿಸಿದರೂ ಮೊದಲು "ಜಿ ಎಲ್ಲಿ?" ಅಂತ ಕೇಳುತ್ತೇನೆ, ಅವರಿಗೆ ಅದು ಯಾಕೆ ಅಂತ ಅರ್ಥ ಆಗಲ್ಲ. ಕಳೆದ ತಿಂಗಳು ಸಂಸ್ಥೆಯವರು ದುಡ್ಡು ಸುರಿದು ಹೊಸ ಡ್ಯಾಶ್‌ಬೋರ್ಡ್ ತಂದರು. ಮ್ಯಾಪ್ ಇದೆ, ಬಣ್ಣ ಇದೆ, ಮೊಬೈಲಿಗೆ ಅಲರ್ಟ್ ಬರುತ್ತದೆ. ಆರ್‌ಎಚ್ ಮಾತ್ರ ಎಲ್ಲೂ ಇಲ್ಲ. ಕೇಳಿದರೆ ಸ್ಕ್ರೀನ್‌ನಲ್ಲಿ ಜಾಗ ಸಾಲಲಿಲ್ಲವಂತೆ. ಟಿಕೆಟ್ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಐದೂವರೆಗೆ ಫೋನ್ ಕಿರುಚಿಕೊಂಡಿತು: ಸೆನ್ಸರ್ ಏಳು, 152, ಅಪಾಯ. ಕಿಟಕಿ ತೆರೆದು ನೋಡಿದೆ. ಎದುರಿನ ಮರ ಕಾಣದಷ್ಟು ಮಂಜು.